ಹಳೆಯ ಪುಟ್ಟ ಕಾರು ಮತ್ತು ಆಗುಂಬೆಯ ಘಾಟಿ

ಸಂಸಾರಸ್ಥರಾದವರು ಮೋಟಾರು ಕಾರನ್ನು ಕೊಳ್ಳುವಾಗ ಸಾಮಾನ್ಯವಾಗಿ ಎರಡು ಸಂಗತಿಗಳನ್ನು ವಿಚಾರಿಸುವರು: ಬೆಲೆ ಎಷ್ಟು, ಲೀಟರಿಗೆ ಎಷ್ಟು ದೂರ ಓಡುವುದು. ನಾವೂ ಈ ಎರಡನ್ನು ವಿಚಾರಿಸಿದೆವು. ಆದರೆ ನಮ್ಮ ಮನಸ್ಸಿನಲ್ಲಿ ಮೂರನೆಯದೊಂದು ಪ್ರಶ್ನೆಯು ಬಹುಕಾಲದಿಂದ ಅಡಗಿ ಕುಳಿತಿದ್ದಿತು. ‘ಘಾಟಿಯ ತಿರುವಿನಲ್ಲಿ ಇದು ಹೇಗೆ ಓಡುವುದು?’ ಎಂಬುದೇ ಆ ಪ್ರಶ್ನೆ. ಐವತ್ತು ವರುಷ ದಾಟಿದ ಗೃಹಸ್ಥನು ಇಂತಹ ಪ್ರಶ್ನೆಯನ್ನು ನಾಲ್ಕು ಜನರ ಮುಂದೆ ಕೇಳಲು ನಾಚುವನು. ವಾಚಕರ ಮುಂದೆ ಆ ನಾಚಿಕೆಯನ್ನು ಬಿಟ್ಟು ಹೇಳುತ್ತಿದ್ದೇವೆ. ಏಕೆಂದರೆ ನಮಗೆ ದೊರೆತ ಉತ್ತರವು ನಾವು ನಿರೀಕ್ಷಿಸಿದ ಉತ್ತರವಾಗಿರಲಿಲ್ಲ.

ನಾವು ಇರುವುದು ಮೈಸೂರಿನಲ್ಲಿ. ನಮ್ಮ ತಾಯಿಯವರು ಇರುವುದು ಆಗುಂಬೆಯ ಘಾಟಿಯ ಕೆಳಗೆ, ಹೆಬ್ರಿಯ ಸಮೀಪದ ತೋಟದ ಮನೆಯಲ್ಲಿ. ‘ಅಡಕೆಯ ಮರಗಳನ್ನು ಬಿಟ್ಟು ನಾನು ಎಲ್ಲಿಗೂ ಬರುವುದಿಲ್ಲ’ ಎಂದು ಅವರ ಹಟ. ಮೊಣಕಾಲಿನ ನೋವು ಹೆಚ್ಚಿದ ಮೇಲೆ ಅವರನ್ನು ತಿಂಗಳಿಗೊಮ್ಮೆ ಉಡುಪಿಯ ವೈದ್ಯರಲ್ಲಿಗೆ ಕರೆದೊಯ್ಯಬೇಕಾಯಿತು. ಬಸ್ಸಿನಲ್ಲಿ ಹೋಗಿ ಬರುವುದರಲ್ಲಿಯೇ ರಜೆಯೆಲ್ಲ ಮುಗಿಯುತ್ತಿದ್ದಿತು. ಆದುದರಿಂದ ಒಂದು ಕಾರು ಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಯಾವ ಕಾರು ಎಂಬಲ್ಲಿ ಮಾತ್ರ ಇದ್ದಿತು. ಮಗಳ ಓದಿಗೆಂದು ಕೂಡಿಟ್ಟ ಹಣವನ್ನು ಮುಟ್ಟಬಾರದೆಂಬ ಕಟ್ಟಳೆಯಿದ್ದುದರಿಂದ ಹೊಸ ಕಾರಿನ ಮಾತು ಬಲು ಬೇಗನೆ ಮುಗಿಯಿತು. ‘ಹಳತಾದರೂ ಆಗಲಿ, ಅತ್ತೆಯವರು ಸುಖವಾಗಿ ಹತ್ತಿ ಇಳಿಯುವಂಥದ್ದಿರಲಿ’ ಎಂದು ನಮ್ಮ ಮನೆಯವರು ಹೇಳಿದರು. ನಾವು ‘ಹೂಂ’ ಎಂದು ಹೇಳಿ, ಮನಸ್ಸಿನಲ್ಲಿ ಬೇರೆ ಲೆಕ್ಕವನ್ನು ಹಾಕುತ್ತಿದ್ದೆವು.

ನಮ್ಮ ಕಣ್ಣಿದ್ದುದು ಸಣ್ಣ ಮೈಯಲ್ಲಿ ದೊಡ್ಡ ಉಸಿರನ್ನು ಹೊತ್ತ ಒಂದು ಜಾತಿಯ ಕಾರುಗಳ ಮೇಲೆ. ಈ ಜಾತಿಗೆ ಒಂದು ವಂಶಾವಳಿಯುಂಟು. 1959ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ ಎಂಬ ಇಂಜಿನಿಯರು ‘ಮಿನಿ’ ಎಂಬ ಪುಟ್ಟ ಕಾರನ್ನು ರಚಿಸಿದರು. ಇಂಜಿನನ್ನು ಅಡ್ಡಲಾಗಿ ಕೂರಿಸಿ, ಮುಂದಿನ ಚಕ್ರಗಳಿಂದಲೇ ಗಾಡಿಯನ್ನು ಎಳೆಯಿಸಿದುದರಿಂದ ಅಷ್ಟು ಸಣ್ಣ ಗಾಡಿಯಲ್ಲಿಯೂ ನಾಲ್ವರು ಕುಳಿತುಕೊಳ್ಳುವಂತಾಯಿತು. ಬಡವರ ಅನುಕೂಲಕ್ಕೆಂದು ಹುಟ್ಟಿದ ಈ ಕಾರಿನ ‘ಕೂಪರ್’ ಎಂಬ ಚುರುಕಿನ ರೂಪವು 1961ರಲ್ಲಿ ಬಂದಿತು. ಆಲ್ಪ್ಸ್ ಪರ್ವತದ ಹಿಮದ ದಾರಿಗಳಲ್ಲಿ ನಡೆಯುವ ಮಾಂಟೆ ಕಾರ್ಲೋ ಪಂದ್ಯದಲ್ಲಿ 1964, 1965 ಮತ್ತು 1967ರಲ್ಲಿ ಅದು ದೊಡ್ಡ ದೊಡ್ಡ ಕಾರುಗಳನ್ನು ಹಿಂದಿಕ್ಕಿತು. ಹಿಂಭಾಗದ ಬಾಗಿಲು ಗಾಜಿನೊಡನೆ ಮೇಲಕ್ಕೆ ತೆರೆದುಕೊಳ್ಳುವ ಹ್ಯಾಚ್‌ಬ್ಯಾಕ್ ಕಾರಿಗೆ ಇದೇ ಚುರುಕನ್ನು ಸೇರಿಸಿ ಫೋಕ್ಸ್‌ವ್ಯಾಗನ್ ಕಂಪೆನಿಯವರು 1976ರಲ್ಲಿ ಗಾಲ್ಫ್ ಜಿಟಿಐ ಎಂಬುದನ್ನು ಮಾರಾಟಕ್ಕೆ ತಂದರು. ಅದೇ ಮನೆತನದ ಕಿರಿಯ ಕೂಸು ಪೋಲೋ. ಇದು ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗಿ 2010ರಲ್ಲಿ ನಮ್ಮ ದೇಶದ ರಸ್ತೆಗೆ ಇಳಿಯಿತು. 2013ರಲ್ಲಿ ಅದರ ಜಿಟಿ ಟಿಎಸ್ಐ ಎಂಬ ರೂಪವು ಬಂದಿತು. ಇಂಜಿನಿನ ಅಳತೆ ಕೇವಲ 1.2 ಲೀಟರು, ಶಕ್ತಿ ಮಾತ್ರ 105 ಅಶ್ವಬಲ. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಇಂಜಿನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಎಂಬ ಉಪಾಯವೇ ಇದರ ಗುಟ್ಟು. 2022ರಲ್ಲಿ ನಮ್ಮ ದೇಶದಲ್ಲಿ ಪೋಲೋವಿನ ತಯಾರಿಕೆಯು ನಿಂತಿತು. ಹೀಗಾಗಿ ಇದನ್ನು ಬಯಸಿದ ನಮಗೆ ಹಳತೇ ಗತಿಯಾಯಿತು.

2024ರ ಏಪ್ರಿಲ್ ತಿಂಗಳಿನಲ್ಲಿ ನಾವು ಆರು ಗಾಡಿಗಳನ್ನು ನೋಡಿದೆವು. ಒಂದರ ಮೀಟರು ಮೂವತ್ತು ಸಾವಿರ ಕಿಲೋಮೀಟರು ತೋರಿಸುತ್ತಿದ್ದಿತು, ಆದರೆ ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದಿತು. ಮೀಟರು ಸುಳ್ಳು ಹೇಳಬಹುದು, ಕಾಲಿನ ಸವೆತವು ಹೇಳಲಾರದು. ಇನ್ನೊಂದರ ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರಿನ ಗಾಯಗಳಿದ್ದುವು. ಬಾಗಿಲುಗಳ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಮತ್ತೊಂದು ಹೊರರಾಜ್ಯದ್ದು, ಅದಕ್ಕೆ ಅಲ್ಲಿಯ ನಿರಾಕ್ಷೇಪಣ ಪತ್ರವನ್ನು ತಂದು, ಇಲ್ಲಿ ಜೀವಾವಧಿ ತೆರಿಗೆಯನ್ನು ಕಟ್ಟಬೇಕಾಗುತ್ತಿದ್ದಿತು. ಅಗ್ಗವೆಂದು ಕಂಡುದು ಲೆಕ್ಕ ಹಾಕಿದ ಮೇಲೆ ಅಗ್ಗವಾಗಿ ಉಳಿಯಲಿಲ್ಲ.

ಏಳನೆಯದು ಕುವೆಂಪುನಗರದ ಒಂದು ಮನೆಯಲ್ಲಿ ದೊರೆಯಿತು. 2015ರ ಗಾಡಿ, ಕೆಂಪು ಬಣ್ಣ. ಒಡೆಯರು ನಿವೃತ್ತರಾದ ಅಧ್ಯಾಪಕರು. ಕಾರು ಅವರ ಮಗನದು. ಆತನು ಪರದೇಶದಲ್ಲಿ ನೆಲೆಸಿದ ಮೇಲೆ ಅದು ಷೆಡ್ಡಿನಲ್ಲಿಯೇ ಹೆಚ್ಚು ಕಾಲ ಕಳೆದಿದ್ದಿತು. ಒಂಬತ್ತು ವರುಷಕ್ಕೆ ನಲವತ್ತೊಂದು ಸಾವಿರ ಕಿಲೋಮೀಟರು ಮಾತ್ರ ಓಡಿದ್ದಿತು. ಅಧ್ಯಾಪಕರು ಒಂದು ನೋಟುಪುಸ್ತಕವನ್ನು ತಂದು ನಮ್ಮ ಕೈಗಿತ್ತರು. ಹಾಕಿಸಿದ ಪ್ರತಿಯೊಂದು ಲೀಟರು ಪೆಟ್ರೋಲು, ಬದಲಾಯಿಸಿದ ಪ್ರತಿಯೊಂದು ಎಣ್ಣೆ, ಬ್ಯಾಟರಿ, ವೈಪರು, ಎಲ್ಲವೂ ದಿನಾಂಕದೊಡನೆ ಅದರಲ್ಲಿ ಬರೆದಿದ್ದುವು. ಮೊದಲರ್ಧ ಮಗನ ಕೈಬರಹ, ಉಳಿದುದು ತಂದೆಯದು.

ಮರುದಿನ ಬೆಳಗ್ಗೆ ನಮ್ಮ ಪರಿಚಯದ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದೊಯ್ದೆವು. ಇಂಜಿನು ತಣ್ಣಗಿರುವಾಗಲೇ ನೋಡಬೇಕೆಂದು ಆತನ ಆಗ್ರಹ. ಬಿಸಿಯಾದ ಇಂಜಿನು ತನ್ನ ರೋಗವನ್ನು ಮುಚ್ಚಿಡುವುದಂತೆ. ಆತನು ಹೊಗೆಯ ಬಣ್ಣವನ್ನು ನೋಡಿದನು, ಸ್ಟೆಪ್ನಿಯ ಗುಳಿಯಲ್ಲಿ ನೀರಿನ ಕಲೆಯುಂಟೋ ಎಂದು ಕೈಯಾಡಿಸಿದನು, ಒಂದು ಸಣ್ಣ ಯಂತ್ರವನ್ನು ಸಿಕ್ಕಿಸಿ ಗಾಡಿಯ ನೆನಪಿನಲ್ಲಿ ಉಳಿದ ದೋಷಗಳನ್ನು ಓದಿದನು. ಕೊನೆಗೆ ಟೈರಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ನಮ್ಮನ್ನು ಕರೆದನು. ‘ಇಲ್ಲಿ ನೋಡಿ ಸ್ವಾಮಿ, 2315 ಅಂತ ಇದೆ. 2015ನೇ ಇಸವಿ, 23ನೇ ವಾರ. ಗಾಡಿಯ ಜೊತೆಗೇ ಬಂದ ಟೈರು. ಗೀರು ಚೆನ್ನಾಗಿದೆ, ಆದರೆ ರಬ್ಬರು ಒಣಗಿದೆ. ಮಳೆಗೆ ಮುಂಚೆ ಬದಲಾಯಿಸಿ.’

ಅಧ್ಯಾಪಕರು ಆ ಮಾತನ್ನು ಕೇಳಿಸಿಕೊಂಡು, ‘ನಿಜ, ಅದು ನಾನು ಮಾಡಿಸಬೇಕಾಗಿದ್ದ ಕೆಲಸ’ ಎಂದು ಹೇಳಿ, ನಾಲ್ಕು ಮುಕ್ಕಾಲು ಲಕ್ಷದ ಬೆಲೆಯಲ್ಲಿ ನಾವು ಕೇಳದೆಯೇ ಇಪ್ಪತ್ತು ಸಾವಿರ ರೂಪಾಯಿಗಳನ್ನು ಬಿಟ್ಟುಕೊಟ್ಟರು. ‘ಇದು ಟೈರಿನ ಹಣ’ ಎಂದು ಎರಡು ಸಲ ಹೇಳಿದರು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು.

ಕಾಗದಪತ್ರಗಳ ವಿಷಯವಾಗಿ ನಾಲ್ಕು ಮಾತು. ಸಾರಿಗೆ ಕಚೇರಿಗೆ 29 ಮತ್ತು 30ನೆಯ ನಮೂನೆಗಳಲ್ಲಿ ಅರ್ಜಿ ಕೊಟ್ಟು ಒಡೆತನವನ್ನು ಬದಲಾಯಿಸಿಕೊಳ್ಳತಕ್ಕದ್ದು. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದಿದ್ದರೆ ಅದು ತೀರಿತೆಂಬ ಪತ್ರವನ್ನೂ 35ನೆಯ ನಮೂನೆಯನ್ನೂ ಪಡೆಯತಕ್ಕದ್ದು. ಕಟ್ಟದೆ ಉಳಿದ ಪೊಲೀಸು ದಂಡಗಳುಂಟೇ ಎಂದು ನೋಡತಕ್ಕದ್ದು. ವಿಮೆಯನ್ನು 14 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡತಕ್ಕದ್ದು. ಹಿಂದಿನ ಒಡೆಯರು ಅಪಘಾತವಿಲ್ಲದೆ ಗಳಿಸಿದ ರಿಯಾಯಿತಿಯು ಅವರಿಗೇ ಸೇರಿದ್ದು, ಗಾಡಿಯ ಜೊತೆಗೆ ಬರತಕ್ಕದ್ದಲ್ಲ. ಪರರ ಎಚ್ಚರಿಕೆಯ ಫಲವು ನಮಗೆ ಬಿಟ್ಟಿಯಾಗಿ ದೊರೆಯದೆಂಬ ಈ ನಿಯಮವು ನಮಗೆ ಆಗ ವಿಮೆಯ ಕಟ್ಟಳೆಯಾಗಿ ಮಾತ್ರ ಕಂಡಿತು.

ಕಾರು ಮನೆಗೆ ಬಂದಿತು. ಮನೆಯವರು ಆರತಿ ಎತ್ತಿದರು, ನಿಂಬೆಹಣ್ಣುಗಳ ಮೇಲೆ ಚಕ್ರ ಹಾಯಿತು. ಆ ಇಪ್ಪತ್ತು ಸಾವಿರ ಏನಾಯಿತು? ಸೀಟುಗಳಿಗೆ ಹೊಸ ಹೊದಿಕೆ, ಮೈಗೆ ಪಾಲಿಷು, ಇನ್ನಷ್ಟು ಬೆಳಕಿನ ದೀಪಗಳು. ಟೈರುಗಳ ಗೀರಿನಲ್ಲಿ ನಾಣ್ಯವನ್ನಿಟ್ಟು ನೋಡಿದಾಗಲೆಲ್ಲ ಅದು ಅರ್ಧದಷ್ಟು ಮುಳುಗುತ್ತಿದ್ದಿತು. ‘ಇನ್ನೊಂದು ವರುಷ ಬರುವುದು’ ಎಂದು ನಾವು ತೀರ್ಮಾನಿಸಿದೆವು. ಮೇಸ್ತ್ರಿಗಳೆಂದರೆ ಹೆದರಿಸುವವರು ಎಂಬ ನಂಬಿಕೆಯು ನಮ್ಮ ನೆರವಿಗೆ ಬಂದಿತು.

ಜೂನ್ ತಿಂಗಳ ಎರಡನೆಯ ಶನಿವಾರ ಬೆಳಗಿನ ಜಾವ ಮನೆಯವರೊಡನೆ, ಮಗಳೊಡನೆ ಹೊರಟೆವು. ಬಿಳಿಕೆರೆ, ಹೊಳೆನರಸೀಪುರ, ಹಾಸನ. ಬಯಲಿನ ಈ ದಾರಿಯಲ್ಲಿ ಕಾರು ಬಲು ಹಗುರವಾಗಿ ಓಡಿತು. ಕ್ಲಚ್ಚಿನ ಪೆಡಲೇ ಇಲ್ಲದ ಗಾಡಿ. ಏಳು ಗೇರುಗಳು ತಾವಾಗಿಯೇ, ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುವುವು. ಲಾರಿಯನ್ನು ದಾಟಬೇಕಾದಲ್ಲಿ ಕಾಲನ್ನು ಸ್ವಲ್ಪ ಒತ್ತಿದರೆ ಸಾಕು, ಬೆನ್ನು ಸೀಟಿಗೆ ಅಂಟುವುದು. ‘ಇಷ್ಟು ವೇಗ ಯಾರಿಗೆ ಬೇಕು?’ ಎಂದು ಮನೆಯವರು ಒಮ್ಮೆ ಕೇಳಿದರು. ನಾವು ಸಣ್ಣಗೆ ನಕ್ಕು ಸುಮ್ಮನಾದೆವು. ಹಳ್ಳ ತಿಟ್ಟುಗಳಿದ್ದಲ್ಲಿ ಮಾತ್ರ ಬಿಗಿಯಾದ ಸ್ಪ್ರಿಂಗುಗಳು ಪ್ರತಿಯೊಂದು ಕಲ್ಲಿನ ಲೆಕ್ಕವನ್ನೂ ನಮ್ಮ ಬೆನ್ನಿಗೆ ಒಪ್ಪಿಸಿದುವು.

ಬೇಲೂರಿನಲ್ಲಿ ತಿಂಡಿ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಕೈಮುಗಿದು, ಚಿಕ್ಕಮಗಳೂರಿನಲ್ಲಿ ಕಾಫಿ ಕುಡಿದೆವು. ಆಲ್ದೂರನ್ನು ದಾಟಿದ ಮೇಲೆ ಮಳೆನಾಡು ತನ್ನ ಹಸುರು ಪರದೆಯನ್ನು ಎಳೆಯಿತು. ಕಾಫಿಯ ಗಿಡಗಳು, ಅವಕ್ಕೆ ನೆರಳಾದ ಸಿಲ್ವರ್ ಮರಗಳು, ಅವನ್ನು ತಬ್ಬಿದ ಮೆಣಸಿನ ಬಳ್ಳಿಗಳು. ಬಾಳೆಹೊನ್ನೂರಿನಲ್ಲಿ ಭದ್ರೆಯು ಕೆಂಪಗೆ ಹರಿಯುತ್ತಿದ್ದಳು. ತಿರುವು ತಿರುವಿಗೂ ಕಾರು ನೆಲವನ್ನು ಹಿಡಿದು ತಿರುಗುವ ರೀತಿಯನ್ನು ಕಂಡು ನಮ್ಮ ಹಳೆಯ ಪ್ರಶ್ನೆಗೆ ಉತ್ತರ ದೊರೆಯಿತೆಂದೇ ಭಾವಿಸಿದೆವು. ಆಗ ರಸ್ತೆ ಒಣಗಿದ್ದಿತು. ಶೃಂಗೇರಿಯಲ್ಲಿ ಶಾರದೆಯ ದರ್ಶನ ಮಾಡಿ, ತುಂಗೆಯ ಮೀನುಗಳನ್ನು ನೋಡಿ, ಮಧ್ಯಾಹ್ನ ಮೂರು ಗಂಟೆಗೆ ಆಗುಂಬೆಯನ್ನು ಸೇರಿದೆವು. ಮೈಸೂರಿನ ಆರ್. ಕೆ. ನಾರಾಯಣ್ ಅವರು ಕಲ್ಪಿಸಿದ ಮಾಲ್ಗುಡಿಯನ್ನು ಶಂಕರ್ ನಾಗ್ ಅವರು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದುದು ಈ ಊರಿನಲ್ಲಿಯೇ. ಮಗಳು ಆ ಹಳೆಯ ಮನೆಗಳನ್ನು ನೋಡಬೇಕೆಂದಳು. ಅಷ್ಟರಲ್ಲಿ ಮಳೆ ಬಂದಿತು.

ಆಗುಂಬೆಯ ಮಳೆಯನ್ನು ಬಣ್ಣಿಸುವುದು ಕಷ್ಟ. ಅದು ಮೇಲಿನಿಂದ ಬೀಳುವುದಿಲ್ಲ, ನಾಲ್ಕು ದಿಕ್ಕಿನಿಂದಲೂ ಬಂದು ಸುತ್ತುವರಿಯುವುದು. ಇಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ತಿರುವುಗಳು ಎಷ್ಟು ಇಕ್ಕಟ್ಟೆಂದರೆ ಭಾರಿ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಆಕಾಶ ತಿಳಿಯಾಗಿದ್ದರೆ ಮೇಲಿನ ಕಟ್ಟೆಯಿಂದ ಸೂರ್ಯನು ಅರಬ್ಬೀ ಸಮುದ್ರದಲ್ಲಿ ಮುಳುಗುವುದು ಕಾಣುವುದು. ಅಂದು ನಮಗೆ ಮುಂದಿನ ಹತ್ತು ಮಾರು ಮಾತ್ರ ಕಾಣುತ್ತಿದ್ದಿತು.

ಆರು ತಿರುವುಗಳನ್ನು ಇಳಿದೆವು. ನಾವು ವೇಗವಾಗಿ ಹೋಗುತ್ತಿದ್ದೆವೆಂದು ಮನೆಯವರೂ ಹೇಳಲಾರರು. ಏಳನೆಯ ತಿರುವಿನಲ್ಲಿ ಕೆಳಗಿನಿಂದ ಒಂದು ಜೀಪು ಎದುರಾಯಿತು. ಬ್ರೇಕನ್ನು ಒತ್ತಿದೆವು. ಕಾಲಿನ ಕೆಳಗೆ ಪೆಡಲು ಗಡಗಡನೆ ನಡುಗಿತು, ಎದುರಿನ ಹಲಗೆಯಲ್ಲಿ ಹಳದಿಯ ದೀಪವೊಂದು ಮಿನುಗಿತು. ಕಾರು ಮಾತ್ರ ನಿಲ್ಲಲಿಲ್ಲ. ಸೋಪು ಹಚ್ಚಿದ ಬಚ್ಚಲುಗಲ್ಲಿನ ಮೇಲೆ ಕಾಲಿಟ್ಟಂತೆ ಅದು ಮೆಲ್ಲಮೆಲ್ಲನೆ, ಯಾವ ಅವಸರವೂ ಇಲ್ಲದೆ, ಹೊರಬದಿಯ ಮೋಟುಗೋಡೆಯ ಕಡೆಗೆ ಜಾರಿತು. ಜೀಪಿನವನು ಬೆಟ್ಟದ ಮಗ್ಗುಲಿಗೆ ಒತ್ತಿ ನಿಂತನು. ಗೋಡೆಗೆ ಒಂದು ಗೇಣು ಉಳಿದಿರುವಾಗ ನಮ್ಮ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಮನೆಯವರು ಮಗಳ ತಲೆಯನ್ನು ಮಡಿಲಿಗೆ ಒತ್ತಿ ಹಿಡಿದಿದ್ದರು. ಯಾರೂ ಮಾತನಾಡಲಿಲ್ಲ. ಮಳೆಯ ಸದ್ದು ಮಾತ್ರ.

ಜೀಪಿನವನು ಇಳಿದು ಬಂದು, ಗೋಡೆಯನ್ನೂ ನಮ್ಮ ಟೈರನ್ನೂ ನೋಡಿ, ‘ನಿಧಾನ ಇಳೀರಿ ಸಾರ್, ಸಣ್ಣ ಗೇರಲ್ಲಿ ಇಳೀರಿ’ ಎಂದಷ್ಟೇ ಹೇಳಿ ಹೋದನು. ಉಳಿದ ಏಳು ತಿರುವುಗಳನ್ನು ಎರಡನೆಯ ಗೇರಿನಲ್ಲಿ, ಇಂಜಿನಿನ ಬಿಗಿತದಿಂದಲೇ ತಡೆದುಕೊಳ್ಳುತ್ತ, ನಡೆಯುವವನ ವೇಗದಲ್ಲಿ ಇಳಿದೆವು.

ಜಾರಿದ ಗಾಡಿಯನ್ನು ಹಿಡಿತಕ್ಕೆ ತರುವ ಯಂತ್ರಗಳು ನಮ್ಮ ಕಾರಿನಲ್ಲಿ ಇದ್ದುವು. ಅವು ತಮ್ಮ ಕೆಲಸವನ್ನು ಮಾಡಿದುವು ಕೂಡ. ಆದರೆ ಆ ಯಂತ್ರಗಳು ಇದ್ದ ಹಿಡಿತವನ್ನು ನಾಲ್ಕು ಚಕ್ರಗಳಿಗೆ ಹಂಚಬಲ್ಲುವೇ ಹೊರತು ಇಲ್ಲದುದನ್ನು ಹುಟ್ಟಿಸಲಾರವು. ನೆಲಕ್ಕೂ ಗಾಡಿಗೂ ಇರುವ ಸಂಬಂಧವೆಲ್ಲ ಅಂಗೈಯಗಲದ ನಾಲ್ಕು ತುಂಡು ರಬ್ಬರಿನ ಮೇಲೆ ನಿಂತಿದೆ. ಆ ರಬ್ಬರು ಬಿಸಿಲಿಗೆ, ಗಾಳಿಗೆ, ವರುಷಗಳಿಗೆ ಒಣಗಿ ಗಡುಸಾಗುವುದು. ಗೀರು ಎಷ್ಟೇ ಆಳವಿದ್ದರೂ ಗಡುಸಾದ ರಬ್ಬರು ಒದ್ದೆಯ ನೆಲವನ್ನು ಕಚ್ಚಲಾರದು. ಷೆಡ್ಡಿನಲ್ಲಿ ನಿಂತ ಕಾರಿನ ಟೈರೂ ಮುದಿಯಾಗುವುದು. ಕಡಿಮೆ ಓಡಿದುದೆಂದು ನಾವು ಹಿಗ್ಗಿದುದೇ ಅದರ ದೋಷವಾಗಿದ್ದಿತು.

ಮನೆ ಸೇರಿದಾಗ ಅಮ್ಮ ಜಗಲಿಯಲ್ಲಿ ದೀಪ ಹಚ್ಚಿಟ್ಟು ಕಾದಿದ್ದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಒಳಗೆ ಬಗ್ಗಿ ನೋಡಿ, ‘ಇಷ್ಟು ತಗ್ಗಿನ ಗಾಡಿ ಯಾಕೆ ಮಾರಾಯ? ಕೂರುವುದು ಸುಲಭ, ಏಳುವುದು ಹೇಗೆ?’ ಎಂದರು. ಘಾಟಿಯಲ್ಲಿ ನಡೆದುದನ್ನು ಯಾರೂ ಹೇಳಲಿಲ್ಲ. ಊಟವಾದ ಮೇಲೆ ಮನೆಯವರು ನಮ್ಮೊಡನೆ ಒಂದೇ ಮಾತನಾಡಿದರು: ‘ಆ ಮೇಷ್ಟ್ರು ಟೈರಿಗೆ ಅಂತ ಕೊಟ್ಟ ಹಣ ನೀವು ಏನು ಮಾಡಿದಿರಿ?’ ನಮ್ಮಲ್ಲಿ ಉತ್ತರವಿರಲಿಲ್ಲ. ಹೊಸ ಹೊದಿಕೆಯ ಸೀಟಿನ ಮೇಲೆ ಕುಳಿತೇ ಅವರು ಘಾಟಿಯನ್ನು ಇಳಿದಿದ್ದರು.

ಸೋಮವಾರ ಉಡುಪಿಯಲ್ಲಿ ನಾಲ್ಕು ಹೊಸ ಟೈರುಗಳನ್ನು ಹಾಕಿಸಿದೆವು, ಇಪ್ಪತ್ತನಾಲ್ಕು ಸಾವಿರವಾಯಿತು. ಅಂಗಡಿಯಲ್ಲಿ ಅವುಗಳ ನಾಲ್ಕು ಅಂಕಿಗಳನ್ನು ಓದಿಯೇ ಒಪ್ಪಿಕೊಂಡೆವು. ಅಮ್ಮನನ್ನು ವೈದ್ಯರಲ್ಲಿಗೆ ಕರೆದೊಯ್ದು ತಂದೆವು. ಏಳಲು ಅನುಕೂಲವಾಗಲೆಂದು ಸೀಟಿನ ಮೇಲೆ ದಪ್ಪನೆಯ ದಿಂಬನ್ನು ಹಾಕಿದೆವು. ಹಿಂದಿರುಗುವಾಗ ಅದೇ ಮಳೆ, ಅದೇ ಏಳನೆಯ ತಿರುವು. ಕಾರು ನೆಲವನ್ನು ಬಿಡಲಿಲ್ಲ. ಆದರೂ ನಾವು ಎರಡನೆಯ ಗೇರನ್ನು ಬಿಡಲಿಲ್ಲ.

ಈಗ ಆ ನೋಟುಪುಸ್ತಕದಲ್ಲಿ ಮೂರನೆಯ ಕೈಬರಹ ಸೇರಿದೆ. ಊರಿನೊಳಗೆ ಲೀಟರಿಗೆ ಹತ್ತು, ಹೆದ್ದಾರಿಯಲ್ಲಿ ಹದಿನಾರು ಕಿಲೋಮೀಟರು ಎಂಬ ಲೆಕ್ಕವೂ ಅದರಲ್ಲಿಯೇ ಇದೆ. ಜುಲೈಯಲ್ಲಿ ಅಧ್ಯಾಪಕರು ಫೋನು ಮಾಡಿ, ‘ಗಾಡಿ ಹೇಗಿದೆ? ಟೈರು ಹಾಕಿಸಿದಿರಾ?’ ಎಂದು ಕೇಳಿದರು. ಯಾವಾಗ ಹಾಕಿಸಿದೆವೆಂದೂ ಏಕೆ ತಡವಾಯಿತೆಂದೂ ಹೇಳಿದೆವು. ಸ್ವಲ್ಪ ಹೊತ್ತು ಅವರು ಏನೂ ಮಾತನಾಡಲಿಲ್ಲ. ಬಳಿಕ, ‘ನಾನೇ ಹಾಕಿಸಿ ಕೊಡಬೇಕಾಗಿತ್ತು’ ಎಂದರು. ತಪ್ಪು ನಮ್ಮದಾಗಿದ್ದರೂ ಅವರು ತಮ್ಮದೆಂದು ತೆಗೆದುಕೊಂಡರು.

ಚುರುಕಿನ ಪುಟ್ಟ ಕಾರನ್ನು ಬಯಸುವ ಗೃಹಸ್ಥರಿಗೆ ನಾವು ಬೇಡವೆನ್ನಲಾರೆವು. ಮನೆಗೆ ಬೇಕಾದ ವಸ್ತುವಿನಲ್ಲಿ ಮನಸ್ಸಿಗೂ ಒಂದಿಷ್ಟು ಸಂತೋಷವಿದ್ದರೆ ತಪ್ಪಿಲ್ಲ. ಆದರೆ ಹಳೆಯ ಗಾಡಿಯ ಬೆಲೆಯನ್ನು ಕೇಳುವಾಗ, ಅದನ್ನು ಓಡಿಸಲಿಕ್ಕೆ ಎಷ್ಟು ಬೇಕೆಂಬುದಕ್ಕಿಂತ ಮೊದಲು ನಿಲ್ಲಿಸಲಿಕ್ಕೆ ಎಷ್ಟು ಬೇಕೆಂದು ಲೆಕ್ಕ ಹಾಕಿರಿ. ಆ ಹಣವನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿರಿ.