ಅಪ್ಪನ ಟವೆಲ್ಲು, ತಮ್ಮನ ಹೊಸ ಕಾರು

ಹೊಸ ಕಾರು ತಗೊಂಡವರಿಗೆ, ತಗೋಬೇಕು ಅಂತ ಇರುವವರಿಗೆ ಇದು ಉಪಯೋಗಕ್ಕೆ ಬರಬಹುದು. ನಮ್ಮ ಮನೆಯಲ್ಲಿ ಇದನ್ನು ಕಲಿಯೋಕೆ 22,000 ರೂಪಾಯಿ ಖರ್ಚಾಯಿತು. ಜೊತೆಗೆ ಎರಡೂವರೆ ತಿಂಗಳು ಅಪ್ಪ, ಮಗ ಮಾತು ಬಿಟ್ಟಿದ್ದರು.

ನನ್ನ ತಮ್ಮ ಒಂಬತ್ತು ವರ್ಷ ಬೇರೆಯವರ ಕಾರು ಓಡಿಸಿದವನು. ಯಲಹಂಕದಲ್ಲಿ ಸಣ್ಣ ರೂಮು, ಹೆಬ್ಬಾಳದಿಂದ ವಿಮಾನ ನಿಲ್ದಾಣಕ್ಕೆ ಟ್ರಿಪ್ಪು, ರಾತ್ರಿ ಊಟ ಸಿಕ್ಕಿದ ಕಡೆ. ಹೋದ ದಸರಾಕ್ಕೆ ಸಾಲ ಮಾಡಿ ತನ್ನದೇ ಹೆಸರಿನಲ್ಲಿ ಹೊಸ ಟ್ಯಾಕ್ಸಿ ತೆಗೆದ. ಬಣ್ಣ ಕಡು ನೀಲಿ. ಟ್ಯಾಕ್ಸಿಗೆ ಬಿಳಿಯೇ ವಾಸಿ, ಕೊಳೆ ಕಂಡರೂ ಗೀರು ಕಾಣಲ್ಲ ಅಂತ ಎಲ್ಲರೂ ಹೇಳಿದರು. ‘ಒಂಬತ್ತು ವರ್ಷ ಬಿಳಿ ಕಾರೇ ಓಡಿಸಿದೀನಿ ಕಣಣ್ಣ, ಇದು ನಂದು’ ಅಂದ. ಆಮೇಲೆ ಯಾರೂ ಮಾತಾಡಲಿಲ್ಲ.

ಡೆಲಿವರಿ ದಿನ ನಾನೂ ಶೋರೂಮಿಗೆ ಹೋಗಿದ್ದೆ. ಓದಿದವನು ಜೊತೆಗಿರಲಿ ಅಂತ ಕರೆದಿದ್ದ, ಸಾಲಕ್ಕೆ ಜಾಮೀನೂ ನಾನೇ. ಊರಿನವರ ಅರ್ಜಿ, ಆದೇಶ, ಪಹಣಿ ಓದಿಯೇ ಸುದ್ದಿ ಬರೆಯುವ ನಾನು ಅವತ್ತು ತೋರಿಸಿದ ಕಡೆಯೆಲ್ಲ ಓದದೆ ಸಹಿ ಹಾಕಿದೆ. ಮನೆಗೆ ಬಂದು ನೋಡಿದರೆ ಒಂದು ಸಾಲಿನಲ್ಲಿ ‘ಪೇಂಟ್ ಪ್ರೊಟೆಕ್ಷನ್ 22,000’ ಅಂತ ಇತ್ತು. ಅದೂ ಸಾಲದೊಳಗೇ ಸೇರಿತ್ತು. ಐದು ವರ್ಷದ ಬಡ್ಡಿ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 28,000. ತಮ್ಮನನ್ನು ಕೇಳಿದೆ. ‘ಗಾಜಿನ ಥರ ಗಟ್ಟಿ ಆಗುತ್ತಂತೆ, ಗೀರೇ ಬೀಳಲ್ವಂತೆ’ ಅಂದ. ಅವನಿಗೆ ಅಷ್ಟು ನಂಬಿಕೆ ಇದ್ದಾಗ ನಾನು ಸುಮ್ಮನಾದೆ.

ದೀಪಾವಳಿಗೆ ಕಾರು ಊರಿಗೆ ಬಂತು. ಅಮ್ಮ ಅರಿಶಿನ ಕುಂಕುಮ ಇಟ್ಟಳು, ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಕುಂಬಳಕಾಯಿ ಎಲ್ಲ ಆಯಿತು. ಮಾರನೆ ದಿನ ಬೆಳಗ್ಗೆ ಅಪ್ಪ ಎಲ್ಲರಿಗಿಂತ ಮೊದಲು ಎದ್ದು, ಹೆಗಲ ಮೇಲಿನ ಟವೆಲ್ ತೆಗೆದು, ಧೂಳು ಕೂತಿದ್ದ ಕಾರನ್ನು ಬಾನೆಟ್ಟಿನಿಂದ ಡಿಕ್ಕಿವರೆಗೆ ಒರೆಸಿಬಿಟ್ಟರು. ಒಣ ಬಟ್ಟೆ, ನಮ್ಮೂರ ಕೆಂಪು ಮಣ್ಣು. ಬಿಸಿಲು ಬಿದ್ದಾಗ ನೋಡಿದರೆ ನೀಲಿ ಬಣ್ಣದ ಮೇಲೆಲ್ಲ ಜೇಡರ ಬಲೆ ಥರ ಸುತ್ತು ಸುತ್ತು ಗೆರೆ.

ತಮ್ಮ ಬೀದಿಯಲ್ಲಿ ನಿಂತು ಕೂಗಾಡಿದ. ‘ಏನೂ ಗೊತ್ತಿಲ್ಲದಿದ್ರೆ ಮುಟ್ಟಬಾರದು’ ಅಂದುಬಿಟ್ಟ. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಆಮೇಲೆ ಎರಡು ಸಲ ಕಾರು ಊರಿಗೆ ಬಂತು. ಅಪ್ಪ ಅದರ ಪಕ್ಕದಲ್ಲಿ ಹಾದುಹೋಗುವಾಗ ಕೈ ಹಿಂದಕ್ಕೆ ಕಟ್ಟಿಕೊಂಡು ಹೋಗುತ್ತಿದ್ದರು.

ಅದನ್ನು ನೋಡಲಾಗದೆ ನಾನು ಯಲಹಂಕ ಉಪನಗರದ ಹತ್ತಿರ ಕಾರು ತೊಳೆದು ಪಾಲಿಶ್ ಮಾಡುವ ಒಂದು ಸಣ್ಣ ಅಂಗಡಿಗೆ ಹೋದೆ. ಕೋಲಾರದ ಕಡೆ ಹುಡುಗ, ಮಾತು ಕಮ್ಮಿ. ಲೈಟು ಹಿಡಿದು ಗೆರೆ ನೋಡಿದ. ‘22,000 ಕೊಟ್ಟು ಹಚ್ಚಿಸಿದ್ದಕ್ಕೆ ಗೀರು ಯಾಕೆ ಬಿತ್ತು?’ ಅಂತ ಕೇಳಿದೆ. ಅವನು ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕಾರಿನ ಬಣ್ಣ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ನೀರಿನಂತೆ ಕಾಣುವ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 40–50 ಮೈಕ್ರಾನ್. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಹೊಳಪೆಲ್ಲ ಇರುವುದು ಒಂದು ಕೂದಲಿಗಿಂತ ತೆಳುವಾದ ಪದರದಲ್ಲಿ. ಮೆಷಿನ್ ಹಾಕಿ ಪಾಲಿಶ್ ಮಾಡಿದರೆ ಗೆರೆ ಹೋಗುತ್ತದೆ, ನಿಜ. ಆದರೆ ಹೋಗುವುದು ಆ ಪದರವನ್ನೇ ಸ್ವಲ್ಪ ಸವೆಸಿ. ಪದೇ ಪದೇ ಮಾಡಿಸುವಂತಿಲ್ಲ.

ಶೋರೂಮಿನವರು ಹಚ್ಚುವ ಸೆರಾಮಿಕ್ ಕೋಟಿಂಗ್ ಅನ್ನುವುದು ಸಿಲಿಕಾ ಜಾತಿಯ ದ್ರಾವಣ. ಒಣಗಿ ತೀರಾ ತೆಳುವಾದ ಪದರ ಆಗುತ್ತದೆ. ಅದರ ಮೇಲೆ ನೀರು ಕೆಸುವಿನ ಎಲೆ ಮೇಲೆ ಜಾರಿದ ಹಾಗೆ ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಬಿಸಿಲಿಗೆ ಬಣ್ಣ ಮಂಕಾಗುವುದು ನಿಧಾನವಾಗುತ್ತದೆ. ಇಷ್ಟು ನಿಜ. ಕಲ್ಲು ಹೊಡೆದರೆ, ಮಣ್ಣು ಉಜ್ಜಿದರೆ ತಡೆಯುವುದಿಲ್ಲ. ‘9ಎಚ್ ಗಟ್ಟಿ’ ಅಂತ ಹೇಳುತ್ತಾರಲ್ಲ, ಅದು ವಜ್ರದ ಲೆಕ್ಕ ಅಲ್ಲ, ಪೆನ್ಸಿಲ್ ಲೆಕ್ಕ. ನಾವು ಶಾಲೆಯಲ್ಲಿ ಬಳಸಿದ ಎಚ್‌ಬಿ ಪೆನ್ಸಿಲ್‌ನ ಗಟ್ಟಿಯಾದ ಅಣ್ಣ. ಕಲ್ಲಿನ ಏಟಿಗೆ ಬೇಕಾದದ್ದು ಪಿಪಿಎಫ್ ಅನ್ನುವ ದಪ್ಪ ಪಾರದರ್ಶಕ ಹಾಳೆ. ಅದು ಇನ್ನೂ ದುಬಾರಿ, ಸಾಲದ ಟ್ಯಾಕ್ಸಿಗೆ ಹೇಳಿದ್ದಲ್ಲ. ಮೇಣದ ಪಾಲಿಶ್ ಕೆಲವು ತಿಂಗಳು ಬರುತ್ತದೆ, ಕೈಯಲ್ಲೇ ಹಚ್ಚಬಹುದು.

‘ಹಾಗಾದ್ರೆ ಬಣ್ಣ ಉಳಿಸೋದು ಯಾವುದು?’ ಅಂದೆ. ‘ತೊಳೆಯೋ ಕೈ, ಸಾರ್’ ಅಂದ.

ಅವನು ತೋರಿಸಿದ್ದು ಇಷ್ಟು. ಧೂಳಿನ ಕಾರನ್ನು ಒಣ ಬಟ್ಟೆಯಲ್ಲಿ ಒರೆಸಲೇಬಾರದು. ಮೊದಲು ಬರೀ ನೀರು ಹಾಕಿ ಮಣ್ಣು ನೆನೆದು ಇಳಿಯಲು ಬಿಡಬೇಕು. ಎರಡು ಬಕೆಟ್ ಇರಲಿ. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿಯೇ ಶಾಂಪೂಗೆ ಅದ್ದಬೇಕು. ಮೇಲಿನಿಂದ ಕೆಳಗೆ ಬರಬೇಕು, ಚಕ್ರದ ಬಟ್ಟೆ ಬೇರೆ. ಬಟ್ಟೆ ತೊಳೆಯುವ ಪುಡಿ, ಪಾತ್ರೆ ಸೋಪು ಬೇಡ, ಹಚ್ಚಿದ ಮೇಣವನ್ನು ಅದು ಕಿತ್ತುಬಿಡುತ್ತದೆ. ಬಿಸಿಲಿನಲ್ಲಿ ತೊಳೆಯಬೇಡಿ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ಹನಿ ಒಣಗಿದ ಕಡೆ ಕಾರಿನ ಮೇಲೂ ಕಟ್ಟುತ್ತದೆ. ತೊಳೆದ ಕೂಡಲೇ ಮೆತ್ತಗಿನ ಮೈಕ್ರೋಫೈಬರ್ ಬಟ್ಟೆಯಲ್ಲಿ ನೀರು ಹೀರಿಸಬೇಕು.

ಹಕ್ಕಿ ಹಿಕ್ಕೆ ಬಿದ್ದರೆ ಭಾನುವಾರಕ್ಕೆ ಅಂತ ಕಾಯಬೇಡಿ. ಅದರಲ್ಲಿ ಆಮ್ಲ ಇದೆ, ಬಿಸಿಲಿಗೆ ಬಣ್ಣ ಕೊರೆಯುತ್ತದೆ. ಒದ್ದೆ ಬಟ್ಟೆ ಹತ್ತು ನಿಮಿಷ ಅದರ ಮೇಲಿಟ್ಟು, ಉಜ್ಜದೆ ಎತ್ತಿ ತೆಗೆಯಿರಿ. ಬಳ್ಳಾರಿ ರಸ್ತೆಯಲ್ಲಿ ಮೆಟ್ರೋ ಕೆಲಸದ ಕೆಳಗೆ ಓಡಾಡುವವರು ಸಿಮೆಂಟ್ ನೀರು ತೊಟ್ಟಿಕ್ಕಿದರೆ ಅವತ್ತೇ ತೊಳೆಯಿರಿ, ಒಣಗಿದರೆ ಕಲ್ಲು.

ಊರಿನವರಿಗೆ ಇನ್ನೊಂದು. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡುತ್ತೇವಲ್ಲ, ಅದರ ಮೇಲೆ ಕಾರು ಹರಿಸಬೇಡಿ. ಬಣ್ಣದ ಮಾತು ಹಾಗಿರಲಿ, ಹುಲ್ಲು ಕೆಳಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುತ್ತದೆ. 2019ರ ಫೆಬ್ರವರಿ 23ರಂದು ಯಲಹಂಕ ವಾಯುನೆಲೆಯ ಏರೋ ಇಂಡಿಯಾ ಪಾರ್ಕಿಂಗ್ ಮೈದಾನದಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. ಸಾಲು ಸಾಲು ಕಾರುಗಳಲ್ಲಿ ಯಾವುದರ ಬಣ್ಣ ಯಾವುದಿತ್ತು ಅಂತಲೇ ತಿಳಿಯುತ್ತಿರಲಿಲ್ಲ. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುವವರನ್ನು ಕಂಡರೆ ಇವತ್ತಿಗೂ ನನ್ನ ಬಾಯಿ ಸುಮ್ಮನಿರುವುದಿಲ್ಲ.

ನೀರಿನ ಮಾತೂ ಹೇಳಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತು. ಅದೇ ಹೆಬ್ಬಾಳದ ಕಡೆ ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತದೆ. ಅವರು ತೊಳೆದದ್ದು ನಮ್ಮ ಕೆರೆಗೆ. ಹಾಗಾಗಿ ಪೈಪು ಬಿಟ್ಟುಕೊಂಡು ಗಂಟೆಗಟ್ಟಲೆ ತೊಳೆಯುವುದಕ್ಕಿಂತ ಎರಡು ಬಕೆಟ್ಟೇ ಮರ್ಯಾದೆ.

ಸಂಕ್ರಾಂತಿಗೆ ತಮ್ಮ ಬಂದ. ನಾನು ಎರಡು ಬಕೆಟ್, ಶಾಂಪೂ, ನಾಲ್ಕು ಬಟ್ಟೆ ತಂದಿದ್ದೆ, ಎಲ್ಲ ಸೇರಿ ಸಾವಿರದ ಒಳಗೆ. ಹಿತ್ತಲಲ್ಲಿ ಅಪ್ಪ ಹಸುವಿಗೆ ಮೈ ತೊಳೆಯುತ್ತಿದ್ದರು. ಹತ್ತಿರ ಹೋಗಿ, ಕಾರು ತೊಳೆಯುವುದು ಹೇಗೆ ಅಂತ ಮೆಲ್ಲಗೆ ಹೇಳಿದೆ.

ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಸೀಗೂ ಹಂಗೇ ಅಲ್ವೇನೋ? ಒಣಗಿದ ಸಗಣಿ ಕೆರೆದು ಕಿತ್ರೆ ಕೂದಲು ಕಿತ್ಕೊಂಡು ಬರುತ್ತೆ. ನೀರು ಹಾಕಿ ನೆನೆಯಕ್ಕೆ ಬಿಡ್ತೀವಿ. ಇದು ತಗಡು, ಇದಕ್ಕೆ ನೋವಾಗಲ್ಲ ಅನ್ಕೊಂಡಿದ್ದೆ. ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವಾ?’ ಅಂದರು.

ನಿಜ. ಯಾರೂ ಹೇಳಿರಲಿಲ್ಲ. 22,000 ತೆಗೆದುಕೊಂಡವರೂ ಹೇಳಿರಲಿಲ್ಲ, ಸಹಿ ಹಾಕಿದ ನಾನೂ ಕೇಳಿರಲಿಲ್ಲ. ಸಿಟ್ಟಿಗೆ ಸಿಕ್ಕಿದ್ದು ಮಾತ್ರ ಅಪ್ಪ.

ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಬಕೆಟ್ಟಿಗೆ ನೀರು ತುಂಬಿ ತಂದು ಅಪ್ಪನ ಮುಂದೆ ಇಟ್ಟ. ‘ನೀನು ಮೇಲಿಂದ ಶುರು ಮಾಡಪ್ಪ, ಚಕ್ರ ನಾನು ನೋಡ್ಕೋತೀನಿ’ ಅಂದ. ಅಪ್ಪ ಟವೆಲ್ ತೆಗೆದು ಬೇಲಿಗೆ ಹಾಕಿ, ಪಂಚೆ ಎತ್ತಿ ಕಟ್ಟಿದರು. ನೆರಳು ಜರುಗುವಷ್ಟರಲ್ಲಿ ತೊಳೆದು ಮುಗಿಸಿದರು. ಒಂದು ಕಡೆ ನೀರು ಉಳಿದಿದೆ ಅಂತ ಅಪ್ಪನೇ ತಮ್ಮನಿಗೆ ತೋರಿಸಿದರು.

ಗೆರೆಗಳು ಈಗಲೂ ಇವೆ. ಪಾಲಿಶ್ ಮಾಡಿಸೋಣ ಅಂದೆ. ‘ಬೇಡ ಬಿಡಣ್ಣ, ಪದರ ಸವೆಯುತ್ತೆ’ ಅಂದ. ದೇವನಹಳ್ಳಿ ಹತ್ತಿರ ಲಾರಿಯಿಂದ ಸಿಡಿದ ಕಲ್ಲಿಗೆ ಬಾನೆಟ್ ಮೇಲೆ ಒಂದು ಚುಕ್ಕೆಯೂ ಬಿದ್ದಿದೆ, ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಅದೇ ಬಣ್ಣದ ಟಚ್‌ಅಪ್ ಹಚ್ಚಿದ್ದಾನೆ. ಸಾಲದ ಕಂತು ಇನ್ನೂ ನಾಲ್ಕು ವರ್ಷಕ್ಕೂ ಮೇಲೆ ಇದೆ.

ನೀವು ಕಾರು ತೆಗೆಯುವ ದಿನ ಸಹಿ ಹಾಕುವ ಮೊದಲು ಪ್ರತಿ ಸಾಲು ಓದಿ. ಬೇಡದ್ದನ್ನು ಬೇಡ ಅನ್ನಿ, ಅದು ಕಡ್ಡಾಯ ಅಲ್ಲ. ಮನೆಗೆ ತಂದ ಮೇಲೆ ಮೊದಲ ದಿನವೇ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಗೆ ತೊಳೆಯಬೇಕು ಅಂತ ಹೇಳಿಬಿಡಿ. ಯಾಕಂದರೆ ಅವರು ಮುಟ್ಟಿಯೇ ಮುಟ್ಟುತ್ತಾರೆ. ಮುಟ್ಟಲಿ ಅಂತ ತಾನೇ ಊರಿಗೆ ತರುವುದು.