ಚಪ್ಪಾಳೆ ಆಕೆಗೆ, ರಾಯಲ್ಟಿ ಆತನಿಗೆ

‘ರೆಸ್ಪೆಕ್ಟ್’ ಹಾಡು ಅಂದ ಕೂಡಲೇ ನಿಮ್ಮ ಕಿವಿಯಲ್ಲಿ ಯಾರ ದನಿ ಕೇಳತ್ತೆ? ಅರೀಥಾ ಫ್ರಾಂಕ್ಲಿನ್ ಅವರದ್ದೇ ತಾನೆ? ಆದರೆ ಅದು ಕವರ್ ಸ್ವಾಮಿ! ಅದನ್ನು ಬರೆದು, 1965ರಲ್ಲಿ ಮೊದಲು ಹಾಡಿದ್ದು ಓಟಿಸ್ ರೆಡ್ಡಿಂಗ್.

ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಓಟಿಸ್ ಹಾಡಿನಲ್ಲಿ ದುಡಿದು ದುಡ್ಡು ತರುವ ಗಂಡಸು, ಮನೆಗೆ ಬಂದಾಗ ಒಂಚೂರು ಮರ್ಯಾದೆ ಕೊಡು ಅಂತ ಕೇಳ್ತಾನೆ. 1967ರಲ್ಲಿ ಅರೀಥಾ ಅದೇ ಮಾತನ್ನು ಹೆಣ್ಣಿನ ಬಾಯಲ್ಲಿ ಆಡಿಸಿದರು. ಇಂಗ್ಲಿಷಿನ ಆ ಏಳು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳೋದು, ಹಿಂದಿನಿಂದ ಅಕ್ಕ ಅರ್ಮಾ, ತಂಗಿ ಕ್ಯಾರೊಲಿನ್ ದನಿಗೂಡಿಸೋದು, ಇದ್ಯಾವುದೂ ಮೂಲದಲ್ಲಿ ಇಲ್ಲ. ಬೇಡಿಕೆಯಾಗಿದ್ದದ್ದು ಹಕ್ಕಾಯ್ತು. ಹೆಂಗಸರ ಚಳವಳಿಗೂ ಕಪ್ಪುಜನರ ಹೋರಾಟಕ್ಕೂ ಅದು ಘೋಷಣೆಯಂಥ ಹಾಡಾಯ್ತು. ಒಬ್ಬ ಹುಡುಗಿ ನನ್ನ ಹಾಡನ್ನು ಎತ್ಕೊಂಡು ಹೋದಳು ಅಂತ ಅದೇ ವರ್ಷ ಮಾಂಟೆರೆ ಉತ್ಸವದಲ್ಲಿ ಓಟಿಸ್ ತಮಾಷೆ ಮಾಡಿದ್ರು.

ಹಾಡೇನೋ ಆಕೆಯದಾಯ್ತು, ಕಾಸು ಮಾತ್ರ ಆಗಲಿಲ್ಲ. ಅಮೆರಿಕದ ಕಾನೂನಿನಲ್ಲಿ ಎಎಂ, ಎಫ್‌ಎಂ ರೇಡಿಯೋದವರು ಹಾಡು ಹಾಕಿದರೆ ಬರೆದವರಿಗೂ ಪ್ರಕಾಶಕರಿಗೂ ರಾಯಲ್ಟಿ ಕೊಡಬೇಕು. ಹಾಡಿದವರಿಗೆ ಬಿಡಿಗಾಸೂ ಇಲ್ಲ. 2018ರಲ್ಲಿ ಅರೀಥಾ ತೀರಿಕೊಳ್ಳುವವರೆಗೂ ಈ ನಿಯಮ ಬದಲಾಗಲಿಲ್ಲ. ಮರ್ಯಾದೆ ಕೇಳಿದ ಹಾಡಿಗೇ ಈ ಗತಿ!

ಬರೆದವರಿಗೆ ಸಲ್ಲಬೇಕಾದ್ದು ಸಲ್ಲಲಿ, ತಕರಾರಿಲ್ಲ. ಆದರೆ ಹಾಡಿನ ಅರ್ಥವನ್ನೇ ಬದಲಿಸಿದವರನ್ನು ‘ಬರೀ ಕವರ್’ ಅಂತ ತಳ್ಳಿಹಾಕುವಾಗ, ನಾವೂ ಆ ಕಾನೂನಿನ ಪರವಾಗೇ ಮಾತಾಡ್ತಿರ್ತೀವಿ.