ತೆರೆಯ ಮೇಲಣ ಗವಾಯಿಗಳು

ಹುಣಸಗಿಯ ಸೀಮೆಯಲ್ಲಿ ಶ್ರಾವಣದ ಪುರಾಣವೆಂದರೆ ಶಾಸ್ತ್ರಿಗಳಷ್ಟೇ ಗವಾಯಿಗಳೂ ಬೇಕು. ಅಂಥ ಶ್ರೋತೃಗಳು 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರವನ್ನು ಕಣ್ಣಿಗಿಂತ ಕಿವಿಯಿಂದಲೇ ಅಳೆಯುವುದು ಸಹಜವು.

ಅದರ ಗುಣವು ಗಾನವೇ. ಹಂಸಲೇಖರ ಸಂಗೀತಕ್ಕೂ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಗಾಯನಕ್ಕೂ ರಾಷ್ಟ್ರಪ್ರಶಸ್ತಿಗಳು ದೊರೆತುವು. ಹಿಂದುಸ್ತಾನಿ ರಾಗಗಳು ಸಾಮಾನ್ಯರ ಬಾಯಿಗೆ ಬಂದುವು.

ದೋಷವಾದರೋ ಭಕ್ತಿಯ ಆಧಿಕ್ಯದಿಂದ ಹುಟ್ಟಿದುದು. ಹುಟ್ಟುಕುರುಡರಾದ ಪಂಚಾಕ್ಷರಿಗಳು (1892–1944) ಕರ್ನಾಟಕ, ಹಿಂದುಸ್ತಾನಿ ಪದ್ಧತಿಗಳೆರಡನ್ನೂ ವರುಷಗಟ್ಟಲೆ ಸಾಧನೆಗೈದು ಗಳಿಸಿದವರು. ಅಂಧ ಅನಾಥ ಬಾಲಕರಿಗೆ ಅನ್ನವಿಕ್ಕಿ ಕಲಿಸಿದವರು. ಚಿತ್ರವು ಈ ದುಡಿಮೆಯನ್ನು ಪವಾಡದಂತೆ ಬೆಳಗಿಸುತ್ತದೆ. ಪವಾಡಕ್ಕೆ ಕೈಮುಗಿಯಬಹುದು, ಅದರಿಂದ ಕಲಿಯಲಾಗದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇಂದೂ ತಡವರಿಸುತ್ತ ಸ್ವರ ಹಿಡಿಯುವ ಬಾಲಕನಿಗೆ ಬೇಕಾದುದು ಆ ದುಡಿಮೆಯ ಚರಿತ್ರೆಯೇ.